ಕೊನೆಯ ಗಂಟು ಹಾಕದ ಕುಲಾವಿ

ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಒಣಗಿದ ಬೇವಿನೆಲೆಯ ವಾಸನೆ ಬಂತು. ಎಲೆಗಳ ಕೆಳಗೆ, ಪಂಚೆಯ ತುಂಡಿನಲ್ಲಿ ಸುತ್ತಿ, ಒಂದು ಕುಲಾವಿ ಇಟ್ಟಿದ್ದರು. ಎಳೆಮಗುವಿಗೆ ಹಾಕುವ ರೇಷ್ಮೆಯ ಟೋಪಿ. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಅದು ತಾಯಿಯ ತವರಿನಿಂದಲೇ ಬರಬೇಕು ಅನ್ನುವುದು ನಮ್ಮ ಕಡೆಯ ಪದ್ಧತಿ. ಮೆಲ್ಲಗೆ ಕೈಗೆತ್ತಿಕೊಂಡೆ. ನೆತ್ತಿಯ ಹತ್ತಿರ ರೇಷ್ಮೆ ಸೀಳಿತ್ತು, ಜೋರಾಗಿ ಉಸಿರುಬಿಟ್ಟರೆ ಇನ್ನೊಂದೆಳೆ ಹೋಗುವಂತಿತ್ತು. ಎರಡು ಕಿವಿಗಳ ಮೇಲೆ ಒಂದೊಂದು ಗಿಣಿ, ಹಣೆಯ ಅಂಚಿನುದ್ದಕ್ಕೂ ಒಂದು ಬಳ್ಳಿ. ಎಲ್ಲವೂ ಕೈ ಕಸೂತಿ.

"ಇದ್ರಂಗೇ ಇನ್ನೊಂದ ಒಲ್ಕೊಡ್ಬೇಕು ಟೇಲರಮ್ಮಾ," ಎಂದರು ಡಬ್ಬಿ ತಂದ ಹೆಂಗಸು. "ಅಳೇದ್ರಂಗೆ ಇರ್ಬೇಕು. ಅಳೇದು ಆಗಿರ್ಬಾರ್ದು."

ತೊಂಬತ್ತರ ದಶಕದ ನಡುವಿನ ಮಾತು. ಪಾಂಡವಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇತ್ತು. ಬೆಳಿಗ್ಗೆ ಹುಡುಗಿಯರಿಗೆ ಹೊಲಿಗೆ, ಕಸೂತಿಯ ತರಗತಿ, ಮಧ್ಯಾಹ್ನದಿಂದ ಗಿರಾಕಿಗಳ ಕೆಲಸ. ಆಗ ಕಬ್ಬು ಅರೆಯುವ ಕಾಲ. ಕಬ್ಬಿನ ಲಾರಿ ಬೀದಿಯಲ್ಲಿ ಹಾದುಹೋದಾಗಲೆಲ್ಲ ಮೊಳೆಗೆ ನೇತುಹಾಕಿದ ಕತ್ತರಿಗಳು ಗಲಗಲ ಅನ್ನುತ್ತಿದ್ದವು. ಆ ಹೆಂಗಸು ಕ್ಯಾತನಹಳ್ಳಿಯವರು, ಕಬ್ಬು, ಹಸು ಎಲ್ಲ ಇರುವ ಕುಳದ ಮನೆ. ಅವರ ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದವಳು ಅವರ ಮಗಳು. ಹೊಟ್ಟೆ ಎದ್ದು ಕಾಣುವಷ್ಟು ಬಸುರಿ. ನೋಡಿದ ತಕ್ಷಣ ಗುರುತು ಹಿಡಿದೆ. ಮದುವೆಗೆ ಮುಂಚೆ ನನ್ನ ತರಗತಿಗೇ ಬರುತ್ತಿದ್ದ ಹುಡುಗಿ. ಕೈ ನಿಧಾನ, ಆದರೆ ಹೊಲಿಗೆ ಒಂದೇ ಸಮ. ಒಂದೇ ಕೆಟ್ಟ ಅಭ್ಯಾಸವೆಂದರೆ ಕತ್ತರಿ ಮಡಿಲಲ್ಲೇ ಇದ್ದರೂ ದಾರವನ್ನು ಹಲ್ಲಿನಿಂದ ಕಡಿಯುವುದು. ಅದಕ್ಕೆ ನನ್ನಿಂದ ಬೈಸಿಕೊಂಡಷ್ಟು ಇನ್ನು ಯಾವುದಕ್ಕೂ ಬೈಸಿಕೊಂಡಿಲ್ಲ.

ನಾಗಮಂಗಲದ ಕಡೆಗೆ ಕೊಟ್ಟಿದ್ದರು. ಎರಡು ಸಲ ಬಸಿರಾಗಿ ಎರಡು ಸಲವೂ ನಿಲ್ಲಲಿಲ್ಲವಂತೆ. ಎರಡನೆಯ ಸಲ ಆಸೆ ತಡೆಯಲಾರದೆ ಅವಳ ಅವ್ವ ಈ ಕುಲಾವಿಯನ್ನು ಡಬ್ಬಿಯಿಂದ ತೆಗೆದು ಬಿಸಿಲಿಗೆ ಹಾಕಿದ್ದರು. ಅದೇ ವಾರ ಎಲ್ಲ ಮುಗಿದುಹೋಯಿತು.

"ನಾನೇ ಬಿಸ್ಲಿಗಾಕಿದ್ದು. ಇನ್ನು ಇದ್ನ ಯಾವ್ ಮಗೀಗೂ ಮುಟ್ಸಕಿಲ್ಲ," ಎಂದರು ಅವ್ವ.

"ಹಾಗಾದ್ರೆ ಇದೇ ಥರದ್ದು ಯಾಕವ್ವಾ? ಮೈಸೂರಲ್ಲಿ ರೆಡಿಮೇಡು ಸಿಗುತ್ತೆ. ಮೊಲದ ಚಿತ್ರ ಇರುತ್ತೆ, ಮೆತ್ತಗಿರುತ್ತೆ," ಎಂದೆ. ಬಾಯಿ ಮಾತಿಗೆ ಹೇಳಿದ್ದೇ ಹೊರತು ನನಗೆ ಆ ಮೊಲದ ಟೋಪಿಗಳನ್ನು ಕಂಡರೆ ಮೈ ಉರಿಯುತ್ತಿತ್ತು. ನೈಲಾನ್ ಲೇಸಿಗೆ ಮಕ್ಕಳ ಕುತ್ತಿಗೆಯೆಲ್ಲ ಕೆಂಪಗೆ ಕೆರೆದುಕೊಂಡಿರುತ್ತಿತ್ತು.

"ಮೊಲ ಬ್ಯಾಡ ಅಕ್ಕ. ಗಿಣೀನೇ ಬೇಕು," ಎಂದಳು ಮಗಳು. ಅವಳು ಅಷ್ಟು ಹೊತ್ತಿಗೆ ಆಡಿದ ಮೊದಲ ಮಾತು ಅದು. ಗೋವಿಂದನಹಳ್ಳಿಯ ಅವಳ ಅಜ್ಜಿ ಕೈಯಾರೆ ಹೊಲಿದಿದ್ದ ಕುಲಾವಿಯಂತೆ. ಅವಳೂ ಹಾಕಿಕೊಂಡಿದ್ದಳು, ಅವಳ ತಮ್ಮನೂ ಹಾಕಿಕೊಂಡಿದ್ದ.

ಆಗಲಿ ಎಂದೆ. ಅಳತೆ ಪಟ್ಟಿ ಎತ್ತಿಕೊಳ್ಳುವಷ್ಟರಲ್ಲಿ ಅವ್ವ ಕೈ ಅಡ್ಡ ಹಿಡಿದರು. ಈಗ ಹೊಲಿಯುವಂತಿಲ್ಲ. ಮಗು ಹುಟ್ಟುವ ಮುಂಚೆ ಅದರ ಬಟ್ಟೆ ಹೊಲಿಯಬಾರದು. ಹುಟ್ಟಿದ ಸುದ್ದಿ ಬಂದ ಮೇಲೆ ಶುರು ಮಾಡಿ, ತೊಟ್ಟಿಲ ಶಾಸ್ತ್ರದ ಹೊತ್ತಿಗೆ ಕೊಡಬೇಕು.

ನನಗೆ ನಗು ಬಂತು, ಸಿಟ್ಟೂ ಬಂತು. "ಅವ್ವಾ, ಇದೇನು ಲಂಗದ ಅಂಚು ಮಡಿಚೋ ಕೆಲಸವಾ? ಒಂದು ಗಿಣಿ ರೆಕ್ಕೆಗೇ ವಾರ ಹಿಡಿಯುತ್ತೆ. ಮಗು ನಡೆಯೋ ಹೊತ್ತಿಗೆ ಕುಲಾವಿ ಕೊಟ್ಟರೆ ಆಗುತ್ತಾ?"

ಅವರು ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಬಹಳ ಹೊತ್ತು ಯೋಚಿಸಿದರು. ಕೊನೆಗೆ ಎದ್ದು ಬಂದು, ಯಾರೋ ಕದ್ದು ಕೇಳುತ್ತಿದ್ದಾರೆ ಅನ್ನುವ ಹಾಗೆ ಮೆಲ್ಲಗೆ ಹೇಳಿದರು: "ಒಂದ್ ಕೆಲ್ಸ ಮಾಡಿ. ಎಲ್ಲಾನೂ ಒಲೀರಿ. ಕೊನೇ ಗಂಟು ಮಾತ್ರ ಆಕ್ಬ್ಯಾಡಿ. ಗಂಟಾಕ್ದೆ ಇದ್ರೆ ಒಲ್ದಂಗಲ್ಲ. ಮಗ ಉಟ್ತು ಅಂತ ಏಳ್ಕಳಿಸ್ತೀನಿ, ಆಗ ಆಕಿ."

ದೇವರ ಕಣ್ಣಿಗೇ ಮಣ್ಣೆರಚುವ ಈ ಉಪಾಯ ನನಗೆ ಹಿಡಿಸಿತು. ಒಪ್ಪಿಕೊಂಡೆ.

ಹಳೆಯದನ್ನು ಬಿಚ್ಚಿ ಅಳತೆ ತೆಗೆಯುವ ಹಾಗಿರಲಿಲ್ಲ, ಬಿಚ್ಚಿದರೆ ಪುಡಿಯಾಗುತ್ತಿತ್ತು. ಮಗುವಿನ ತಲೆಯಷ್ಟಿರುವ ಒಂದು ಹಿತ್ತಾಳೆ ತಂಬಿಗೆಯನ್ನು ಬೋರಲು ಹಾಕಿ, ಅದರ ಮೇಲೆ ಕುಲಾವಿಯನ್ನು ಕೂರಿಸಿ, ಅದರ ಮೇಲೆ ತೆಳ್ಳನೆಯ ಮಲ್ಲು ಬಟ್ಟೆ ಹೊದಿಸಿದೆ. ಒಳಗಿನ ಹೊಲಿಗೆಯ ಉಬ್ಬು ಬೆರಳಿಗೆ ಸಿಕ್ಕಿದ ಕಡೆಯೆಲ್ಲ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟೆ. ಹಾಗೆ ಮೂರು ತುಂಡುಗಳ ಆಕಾರ ಸಿಕ್ಕಿತು. ಹಣೆಯಿಂದ ಹಿಂಗತ್ತಿನವರೆಗೆ ಹೋಗುವ ನಡುಪಟ್ಟಿ, ಅದರ ಎರಡು ಪಕ್ಕಕ್ಕೆ ಎರಡು ಕಿವಿ. ಗಲ್ಲದ ಕೆಳಗೆ ಕಟ್ಟಲು ಲಾಡಿ.

ವೇಸ್ಟು ಬಟ್ಟೆಯಲ್ಲಿ ಒಂದು ಹೊಲಿದು ನೋಡಿದೆ. ನೆತ್ತಿಯಲ್ಲಿ ಸುಕ್ಕು ಬಿತ್ತು. ಎಲ್ಲೋ ಅಳತೆ ತಪ್ಪಿರಬೇಕೆಂದು ಇನ್ನೊಂದು ಹೊಲಿದೆ. ಅದರಲ್ಲೂ ಸುಕ್ಕು. ಕಿವಿಯ ತುಂಡನ್ನು ಸ್ವಲ್ಪ ಅಗಲ ಮಾಡಿದರೆ ತಂಬಿಗೆಯ ಮೇಲೆ ಡೊಳ್ಳಿನ ಹಾಗೆ ಉಬ್ಬಿ ಕೂತುಕೊಂಡಿತು. ಆ ವಾರವೆಲ್ಲ ನನ್ನ ಮೂತಿ ನೋಡಿ ಹುಡುಗಿಯರು ತರಗತಿಯಲ್ಲಿ ಉಸಿರೆತ್ತಲಿಲ್ಲ. ಯಾರೋ ಒಬ್ಬಳು ಬಟ್ಟೆ ಇಡದೆ ಖಾಲಿ ಮೆಷಿನ್ನು ತುಳಿದಳೆಂದು ಕೂಗಾಡಿಬಿಟ್ಟೆ. ಖಾಲಿ ತುಳಿದರೆ ಬಟ್ಟೆ ಎಳೆಯುವ ಹಲ್ಲು ಸವೆಯುತ್ತದೆ, ದಾರ ಸಿಕ್ಕಿಕೊಳ್ಳುತ್ತದೆ. ಮೆಷಿನ್ನು ಗಲಾಟೆ ಮಾಡಬೇಕಾದರೆ ಕೆಳಗೆ ಕೆಲಸ ಇರಬೇಕು ಎಂದು ನಾನು ಯಾವಾಗಲೂ ಹೇಳುತ್ತಿದ್ದೆ.

ಕೊನೆಗೆ ಕುಲಾವಿಯನ್ನು ಬಾಗಿಲ ಬೆಳಕಿಗೆ ತಂದು ಭೂತಗನ್ನಡಿ ಹಿಡಿದು ನೋಡಿದಾಗ ಗುಟ್ಟು ತಿಳಿಯಿತು. ನಡುಪಟ್ಟಿಯ ಎಳೆಗಳು ನೇರ ಹೋಗುತ್ತಿರಲಿಲ್ಲ, ಓರೆಯಾಗಿ ಹೋಗುತ್ತಿದ್ದವು. ನಾವು ಕ್ರಾಸ್ ಕಟಿಂಗ್ ಅನ್ನುತ್ತೇವಲ್ಲ, ಹಾಗೆ. ಓರೆ ಕತ್ತರಿಸಿದ ಬಟ್ಟೆ ಎಳೆದರೆ ಹಿಗ್ಗುತ್ತದೆ. ತಲೆ ದೊಡ್ಡದಾದ ಹಾಗೆಲ್ಲ ಟೋಪಿಯೂ ಜೊತೆಗೆ ಹಿಗ್ಗಲಿ ಎಂದು ಆ ಅಜ್ಜಿ ಹಾಗೆ ಕತ್ತರಿಸಿದ್ದಳು. ಅಷ್ಟೇ ಅಲ್ಲ, ಹಿಂಗತ್ತಿನ ಹತ್ತಿರ ಒಳಗೆ ಒಂದು ಮಡಿಕೆ ಬಿಟ್ಟಿದ್ದಳು. ಅದರಲ್ಲಿ ಹಳೆಯ ಹೊಲಿಗೆಯ ತೂತುಗಳ ಸಾಲು ಇತ್ತು, ಯಾರೋ ಒಂದು ಸಲ ಬಿಚ್ಚಿ ದೊಡ್ಡದು ಮಾಡಿದ್ದರು.

ಮುಂದಿನ ಸಲ ಅವ್ವ ಬಂದಾಗ ಅದನ್ನು ತೋರಿಸಿದೆ. "ಊಂ, ನನ್ ಮಗಂಗೆ ಬಿಚ್ಚಿದ್ದು. ಅವನ್ದು ಆಗ್ಲೇ ದಪ್ಪನ್ ಬುರ್ಡೆ. ಈಗ್ಲೂ ಅಂಗೇ ಅದೆ, ಏನೂ ಇಳಿಯಾಕಿಲ್ಲ ಅದ್ರೊಳ್ಗೆ," ಎಂದು ನಕ್ಕರು. ಮಗಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಹೊಸ ರೇಷ್ಮೆಯನ್ನು ಓರೆಯಾಗಿ ಮಡಿಚಿ ಕತ್ತರಿ ಹಾಕಿದೆ. ಮಡಿಕೆಗೆಂದು ಹಿಂದೆ ಬಟ್ಟೆ ಬಿಟ್ಟೆ. ಈ ಮಗುವಿನ ತಲೆಯೂ ಬೆಳೆಯುತ್ತದಲ್ಲ ಎಂದುಕೊಂಡೇ ಬಿಟ್ಟೆ.

ಬಣ್ಣದ್ದು ಬೇರೆ ಫಜೀತಿ. ಗಿಣಿಗಳು ಮಾಸಿ ಮಂಕು ಹಸಿರಾಗಿದ್ದವು. ಆದರೆ ಲೈನಿಂಗ್ ಬಿಚ್ಚಿಕೊಂಡಿದ್ದ ಕಡೆ ಬೆರಳು ತೂರಿಸಿ ಕಸೂತಿಯ ಹಿಂಬದಿ ನೋಡಿದರೆ, ಬಿಸಿಲೇ ಕಾಣದ ಆ ದಾರ ನಾಟಿಯಾದ ಗದ್ದೆಯ ಹಾಗೆ ಹಸಿರಾಗಿತ್ತು. ಆ ಬಣ್ಣದ ರೇಷ್ಮೆ ದಾರಕ್ಕಾಗಿ ಶ್ರೀರಂಗಪಟ್ಟಣ ಸುತ್ತಿದೆ, ಮೈಸೂರು ಸುತ್ತಿದೆ. ಸಿಕ್ಕಿದ್ದು ಕೆ.ಆರ್. ಪೇಟೆಯಲ್ಲಿ, ಬಳೆ, ಬಾಚಣಿಗೆ ಮಾರುವ ಒಂದು ಕತ್ತಲೆ ಅಂಗಡಿಯಲ್ಲಿ. ಅಂಗಡಿಯ ಮುದುಕರು ಮೇಲಿನ ಗೂಡಿನಿಂದ ಧೂಳು ಕೊಡವಿ ಕಾಗದದ ಪೊಟ್ಟಣ ಇಳಿಸಿ, "ಇದನ್ನ ಕೇಳ್ಕಂಡ್ ಬರೋರೇ ಸತ್ತೋದ್ರು ಕಣಮ್ಮಾ. ನೀನೆಲ್ಲಿದ್ದೆ?" ಎಂದರು. ಹಸಿರು ಸಿಕ್ಕಿತು. ಕೊಕ್ಕಿಗೆ ಬೇಕಾದ ಕೆಂಪು ಸಿಗಲಿಲ್ಲ.

ಕೆಂಪನ್ನು ಮಗಳೇ ತಂದಳು. ಅವಳ ಧಾರೆ ಸೀರೆಯ ಸೆರಗಿನ ಕುಚ್ಚಿನಿಂದ ನಾಲ್ಕೆಳೆ ಎಳೆದು, ಒಂದು ಬೆಂಕಿಕಡ್ಡಿಗೆ ಸುತ್ತಿ, ರವಿಕೆಯೊಳಗೆ ಇಟ್ಟುಕೊಂಡು ಬಂದಿದ್ದಳು. ಅವ್ವ ಅಂಗಡಿ ಬೀದಿಗೆ ಸಾಮಾನಿಗೆ ಹೋಗಿದ್ದ ಹೊತ್ತು.

"ಕೊಕ್ಕು ನಾನ್ ಆಕ್ತೀನಿ ಅಕ್ಕ."

"ಬಸುರಿ ಸೂಜಿ ಹಿಡಿದಳು ಅಂತ ನಿಮ್ಮವ್ವ ನನ್ನ ಜುಟ್ಟು ಹಿಡೀತಾರೆ."

"ಅವ್ವಂಗೆ ಎಲ್ಲಾದ್ಕೂ ಭಯ. ನಂಗೂ ಭಯಾನೇ. ಸುಮ್ನೆ ಕೂತ್ರೆ ಇನ್ನೂ ಭಯ."

ಬಟ್ಟೆ ಬಿಗಿದಿದ್ದ ಕಸೂತಿಯ ರಿಂಗನ್ನು ಅವಳ ಕೈಗೆ ಕೊಟ್ಟೆ. ಹೊಟ್ಟೆಯ ಮೇಲೆಯೇ ರಿಂಗು ಇಟ್ಟುಕೊಂಡು ಹಾಕಿದಳು. ಒಂದು ಸಲ ಒಳಗಿನಿಂದ ಒದೆತ ಬಿದ್ದು ರಿಂಗು ಅಲುಗಿತು. ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಒತ್ತೊತ್ತಾದ ಸಣ್ಣ ಹೊಲಿಗೆ, ಎರಡು ಕೊಕ್ಕುಗಳೂ ಅಚ್ಚುಕಟ್ಟಾಗಿ ಬಂದವು. ಮುಗಿಸಿದವಳೇ ದಾರವನ್ನು ಹಲ್ಲಿಗೆ ಕೊಟ್ಟಳು. "ಲೇ, ಕತ್ತರಿ ಇಲ್ಲೇ ಬಿದ್ದಿದೆಯಲ್ಲೇ!" ಎಂದು ಗದರಿದೆ. ನಾಲಿಗೆ ಕಚ್ಚಿಕೊಂಡು ನಕ್ಕಳು.

ಅವಳ ಎಂಟು ತಿಂಗಳು ತುಂಬುವ ಮೊದಲೇ ಕೆಲಸ ಮುಗಿಯಿತು. ಮುಗಿಯಿತು ಅನ್ನಬಾರದು. ಎಡಗಡೆಯ ಲಾಡಿಯನ್ನು ಕೂಡಿಸುವ ಜಾಗದಲ್ಲಿ ಕೊನೆಯ ಹೊಲಿಗೆ ಹಾಕಿ, ಗಂಟು ಹಾಕದೆ, ಉಳಿದ ದಾರವನ್ನು ಸೂಜಿಯ ಸಮೇತ ಲೈನಿಂಗಿಗೆ ಚುಚ್ಚಿಟ್ಟೆ. ಗಂಟಿಲ್ಲದ ದಾರ ನನ್ನ ಕಣ್ಣಿಗೆ ಕಸ ಬಿದ್ದ ಹಾಗೆ. ದಿನಕ್ಕೊಂದು ಸಲ ಕಪಾಟು ತೆಗೆದು, ಎಲ್ಲಿ ಜಾರಿಬಿಟ್ಟಿತೋ ಎಂದು ನೋಡುತ್ತಿದ್ದೆ. ಕ್ಯಾತನಹಳ್ಳಿಯಿಂದ ಯಾರಾದರೂ ಸಕ್ಕರೆ ಪೊಟ್ಟಣ ಹಿಡಿದು ಬರುತ್ತಾರೆಂದು ಕಾಯುತ್ತಿದ್ದೆ.

ಬಂದವರು ಹುಡುಗಿಯ ಅಪ್ಪ. ಮೊಪೆಡ್ಡನ್ನು ಬೀದಿಯಲ್ಲೇ ನಿಲ್ಲಿಸಿ, ಒಳಗೆ ಬರದೆ, ಹೆಗಲ ಮೇಲಿನ ಟವಲನ್ನು ಕೈಯಲ್ಲಿ ಹಿಡಿದುಕೊಂಡು ನಿಂತರು. ಕೈಯಲ್ಲಿ ಬೇರೇನೂ ಇರಲಿಲ್ಲ.

"ಅಮ್ಮಾ, ಆ ಕುಲಾವಿಗೆ ಗಂಟು ಆಕ್ಬುಟ್ಟಿದ್ರಾ?"

"ಇಲ್ಲ ಗೌಡರೇ. ಹಾಕಿಲ್ಲ."

"ನಿಜ ಏಳಿ."

ಕಪಾಟಿನಿಂದ ತಂದು ತೋರಿಸಿದೆ. ಸೂಜಿ ಇದ್ದ ಜಾಗದಲ್ಲೇ ಇತ್ತು. ಬಗ್ಗಿ ನೋಡಿದರು, ಮುಟ್ಟಲಿಲ್ಲ. "ಅಂಗಾರೆ ಅದ್ರಿಂದಲ್ಲ," ಎಂದರು. ಟವಲಿನಲ್ಲಿ ಮುಖ ಒರೆಸಿಕೊಂಡರು. "ಅದ್ರಿಂದಾನೇ ಅಂದಿದ್ರೆ ನಿಮ್ಮನ್ನಾದ್ರೂ ಬಯ್ಕಂಡ್ ಓಗ್ತಿದ್ದೆ ಕಣಮ್ಮಾ. ಈಗ್ ಯಾರ್ನ ಬಯ್ಲಿ?"

ದಿನ ತುಂಬುವ ಮೊದಲೇ ನೋವು ಬಂದು ಆಸ್ಪತ್ರೆಗೆ ಸೇರಿಸಿದ್ದರಂತೆ. ಹೆಣ್ಣು ಮಗು. ಬೆಳಿಗ್ಗೆ ಹುಟ್ಟಿ, ದೀಪ ಹಚ್ಚುವ ಹೊತ್ತಿಗೆ ಹೋಗಿಬಿಟ್ಟಿತ್ತು. "ಇದ್ನ ಬಿಚ್ಬುಡಿ. ಇಲ್ಲಾ ಒಳೇಗೆ ಬುಟ್ಬುಡಿ. ಮನೇಗ್ ಮಾತ್ರ ಬರ್ಬಾರ್ದು, ನಮ್ಮವ್ಳು ಏಳ್ಕಳ್ಸವ್ಳೆ," ಎಂದು ಹೇಳಿ ಮೊಪೆಡ್ಡು ಹತ್ತಿದರು. ಅದು ಸ್ಟಾರ್ಟ್ ಆಗಲೇ ಇಲ್ಲ. ತಳ್ಳಿಕೊಂಡೇ ಹೋದರು. ಅವರು ತಿರುವು ದಾಟುವವರೆಗೂ ನಾನು ಬಾಗಿಲಲ್ಲಿ ನಿಂತೇ ಇದ್ದೆ. ಅಳು ಬಂತು, ತಡೆದುಕೊಳ್ಳಲಿಲ್ಲ.

ಅವರು ಹೇಳಿದ್ದನ್ನು ಮಾಡಬೇಕೆಂದೇ ಮಾರನೆಯ ದಿನ ಬ್ಲೇಡು ಹಿಡಿದು ಕೂತೆ. ಹಣೆಯ ಬಳ್ಳಿಯ ಎರಡು ಎಲೆ ಬಿಚ್ಚಿದೆ. ನನ್ನ ಕೈಯಲ್ಲಿ ಆದದ್ದು, ಬಿಚ್ಚಲು ಅಷ್ಟೇನೂ ಕಷ್ಟವಾಗಲಿಲ್ಲ. ಮೂರನೆಯ ಎಲೆಯ ಪಕ್ಕದಲ್ಲೇ ಗಿಣಿಯ ಕೊಕ್ಕಿತ್ತು. ಆ ಕೆಂಪಿನ ಹತ್ತಿರ ಬ್ಲೇಡು ಹೋಗಲಿಲ್ಲ.

ಹೊಳೆಗಾದರೂ ಬಿಡೋಣ ಎಂದು ಒಂದು ಶನಿವಾರ ಶ್ರೀರಂಗಪಟ್ಟಣದ ಬಸ್ಸು ಹತ್ತಿ ಕರಿಘಟ್ಟಕ್ಕೆ ಹೋದೆ. ಬೆಟ್ಟದ ಕೆಳಗೆ ಲೋಕಪಾವನಿ ತೆಳ್ಳಗೆ ಹರಿಯುತ್ತಿತ್ತು. ಕಾಲು ಇಳಿಬಿಟ್ಟು ಕೂತು ಪೊಟ್ಟಣ ಬಿಚ್ಚಿದೆ. ಸ್ವಲ್ಪ ಕೆಳಗೆ ಎಮ್ಮೆಗಳು ನೀರು ಕುಡಿಯುತ್ತಿದ್ದವು. ಆಗ ಸೂಜಿಯ ನೆನಪಾಯಿತು. ಸೂಜಿ ಇರುವ ಬಟ್ಟೆಯನ್ನು ನೀರಿಗೆ ಬಿಡಲಾಗದು, ದನದ ಬಾಯಿಗೆ ಹೋದರೆ ಗತಿಯೇನು? ಸೂಜಿ ತೆಗೆಯಬೇಕೆಂದರೆ ಒಂದೋ ಗಂಟು ಹಾಕಬೇಕು, ಇಲ್ಲವೇ ದಾರ ಕತ್ತರಿಸಿ ಹೊಲಿಗೆ ಬಿಟ್ಟುಕೊಳ್ಳಲು ಬಿಡಬೇಕು. ಎರಡರಲ್ಲಿ ಒಂದನ್ನು ಮಾಡಲು ನಾನು ಯಾರು? ಅವ್ವ ಬೇಡ ಎಂದರು, ಅಪ್ಪ ಬಿಚ್ಚಿ ಎಂದರು. ಹೆತ್ತವಳನ್ನು ಮಾತ್ರ ಯಾರೂ ಕೇಳಿಲ್ಲ ಅನ್ನುವುದು ನನಗೆ ಹೊಳೆದದ್ದು ಆ ಸೂಜಿಯನ್ನು ಬೆರಳಲ್ಲಿ ಹಿಡಿದುಕೊಂಡು ಕೂತಾಗಲೇ. ಪೊಟ್ಟಣ ಕಟ್ಟಿಕೊಂಡು ವಾಪಸು ಬಂದೆ. ಅವಳು ಬರುವ ತನಕ ಇದು ಹೀಗೇ ಇರಲಿ ಎಂದು ತೀರ್ಮಾನಿಸಿದೆ. ಬಿಚ್ಚಿದ್ದ ಎರಡು ಎಲೆಗಳನ್ನು ಅದೇ ತೂತುಗಳಲ್ಲಿ ಮತ್ತೆ ಹಾಕಿದೆ.

ಅವಳು ಬಂದದ್ದು ಕಬ್ಬಿನ ಲಾರಿಗಳು ನಿಂತುಹೋದ ಮೇಲೆ. ಬಾಣಂತಿಯ ಹಾಗೆ ಕಿವಿಗೆ ಬಟ್ಟೆ ಕಟ್ಟಿಕೊಂಡಿದ್ದಳು, ಮಡಿಲು ಖಾಲಿ. ಹಿಂದೆಯೇ ಅವ್ವ. ಬೆಳಗಿನ ತರಗತಿ ನಡೆಯುತ್ತಿತ್ತು, ಹುಡುಗಿಯರು ತುಂಬಿಕೊಂಡಿದ್ದರು.

"ಕುಲಾವಿ ಎಲ್ಲಿ ಅಕ್ಕ?"

"ಬಿಚ್ಬುಡಿ ಅಂತ ಏಳ್ಕಳಿಸಿದ್ವಲ್ಲ ಟೇಲರಮ್ಮಾ," ಎಂದರು ಅವ್ವ ಮೆಟ್ಟಿಲಿಂದಲೇ.

"ಬಿಚ್ಚಲಿಲ್ಲ ಅವ್ವ," ಎಂದೆ. ಕಪಾಟಿನಿಂದ ತೆಗೆದು ಅವಳ ಕೈಗೇ ಕೊಟ್ಟೆ.

ಅವ್ವ ಮೆಟ್ಟಿಲ ಮೇಲೆ ಕುಸಿದು ಕೂತು ಬೀದಿಯ ಕಡೆ ಮುಖ ತಿರುಗಿಸಿದರು. ಮಗಳು ನನ್ನ ಮೆಷಿನ್ನಿನ ಪಕ್ಕದ ಸ್ಟೂಲಿನಲ್ಲಿ ಕೂತು ಕುಲಾವಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೊಕ್ಕಿನ ಮೇಲೆ ಬೆರಳಾಡಿಸಿದಳು.

"ಊರ್ನಲ್ಲಿ ಎಲ್ರೂ ಒಂದೇ ಮಾತು ಅಕ್ಕ. ಮರ್ತ್ಬುಡು, ಅದೇನ್ ಲೆಕ್ಕಕ್ಕಿಲ್ಲ ಅಂತಾರೆ. ತೊಟ್ಲಿಗಾಕಿ ಎಸ್ರಿಟ್ಟಿಲ್ವಲ್ಲ, ಅದ್ಕೆ ಉಟ್ದಂಗಲ್ವಂತೆ. ಗಂಟಾಕಿಲ್ವಲ್ಲ, ಇದೂ ಒಲ್ದಂಗಲ್ಲ." ಅಳುತ್ತಿರಲಿಲ್ಲ, ಸಿಟ್ಟಿನಲ್ಲಿದ್ದಳು. "ಉಟ್ತು ಅಕ್ಕ. ನಾನ್ ನೋಡ್ದೆ. ಅದ್ರ ಕೈ ನನ್ ಬೆರಳ ಇಡ್ಕಂಡಿತ್ತು."

ಹುಡುಗಿಯರೆಲ್ಲ ಸೂಜಿ ನಿಲ್ಲಿಸಿದ್ದರು. ಲೈನಿಂಗಿಗೆ ಚುಚ್ಚಿದ್ದ ಸೂಜಿಯನ್ನು ತೋರಿಸಿದೆ. "ನೀನೇ ಹಾಕು," ಎಂದೆ.

"ಬ್ಯಾಡ ಕಣ್ ಮಗಾ," ಎಂದರು ಅವ್ವ, ಈ ಕಡೆ ತಿರುಗದೆ.

ಅವಳು ಸೂಜಿ ಹೊರಗೆಳೆದಳು. ನಾನು ಕಲಿಸಿದ ಹಾಗೆಯೇ ದಾರವನ್ನು ಸೂಜಿಗೆ ಎರಡು ಸುತ್ತು ಸುತ್ತಿ, ಹೆಬ್ಬೆರಳಲ್ಲಿ ಒತ್ತಿ ಹಿಡಿದಳು. ಅಲ್ಲಿಗೆ ಕೈ ನಿಂತುಹೋಯಿತು. ಬಹಳ ಹೊತ್ತು ಹಾಗೇ ಹಿಡಿದಿದ್ದಳು.

"ಬಿಗ್ಯಾಗ್ ಆಕವ್ವಾ," ಎಂಬ ದನಿ ಕೇಳಿಸಿತು. ಅವ್ವ ತಿರುಗಿ ಕೂತಿದ್ದರು, ಕಣ್ಣಲ್ಲಿ ಧಾರಾಕಾರ ನೀರು. "ಬಿಚ್ಕಳ್ಬಾರ್ದು, ಅಂಗಾಕು."

ಗಂಟು ಬಿತ್ತು. ಅವಳು ಬಗ್ಗಿ ದಾರವನ್ನು ಹಲ್ಲಿನಿಂದ ಕಡಿದಳು. ಕತ್ತರಿ ನನ್ನ ಕೈಯಲ್ಲೇ ಇತ್ತು. ಅದನ್ನು ಮೊಳೆಗೆ ನೇತುಹಾಕಿದೆ.

ಆಮೇಲೆ ಕುಲಾವಿಯನ್ನು ಎಡಗೈ ಮುಷ್ಟಿಗೆ ತೊಡಿಸಿ ಎದೆಗೆ ಹಿಡಿದುಕೊಂಡಳು. ಗಿಣಿ ಇದ್ದ ಕಡೆಗೆ, ಕಿವಿ ಇರಬೇಕಾದ ಜಾಗಕ್ಕೆ, ಬಾಯಿ ತಂದಳು. ತೊಟ್ಟಿಲಿಗೆ ಹಾಕಿದ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಹಾಗೆಯೇ. ಅಂಗಡಿಯಲ್ಲಿದ್ದ ಅಷ್ಟೂ ಜನರ ಕಿವಿ ಅವಳ ಕಡೆಗೇ. ಆ ಹೆಸರು ಅವಳದ್ದು, ನಮ್ಮ ಯಾರ ಕಿವಿಗೂ ಬೀಳಬಾರದು ಅನ್ನಿಸಿತು. ನಾನು ಮೆಷಿನ್ನಿನ ಮುಂದೆ ಕೂತು, ಕೆಳಗೆ ಬಟ್ಟೆಯೇ ಇಲ್ಲದೆ, ಜೋರಾಗಿ ತುಳಿಯಲು ಶುರು ಮಾಡಿದೆ.

ಅವಳ ತುಟಿ ಅಲುಗಿದ್ದು ಕಂಡಿತು. ಅವ್ವ ಎದ್ದು ಬಂದು ಅವಳ ಪಕ್ಕ ನಿಂತು ಏನೋ ಕೇಳಿದರು. ಅವಳು ಅವರ ಕಿವಿಗೂ ಹೇಳಿದಳು. ನಾನು ಮೆಷಿನ್ನು ನಿಲ್ಲಿಸಲಿಲ್ಲ.